ಶಿರೂರಜ್ಜಿಯ ತಂಬಿಗೆ

ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ತಂಬಿಗೆ ತಿಕ್ಕುತ್ತಿದ್ದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೆಳಗಿನ ಮನೆಯ ಕಾಕಾ ನೆನಪಾದರು. ಇವತ್ತು ಪಿತೃಪಕ್ಷದ ಅಮಾವಾಸ್ಯೆ. ನಮ್ಮಲ್ಲಿ ಹಿರಿಯರಿಗೆ ಎಡೆ ಹಾಕುವ ಮೊದಲು ಹೊಸ್ತಿಲಲ್ಲಿ ಒಂದು ತಂಬಿಗೆ ನೀರು ಇಡಬೇಕು. ಆ ನೀರು ಶಿರೂರಜ್ಜಿಯದು, ಅಂದರೆ ನನ್ನ ಅಜ್ಜನ ಅಜ್ಜಿಯದು. ಯಾಕೆಂದು ಕೇಳಿದರೆ ಅವ್ವ, "ಇಡು ಅಂದ್ರ ಇಡು, ಭಾಳ ಶಾಣ್ಯಾತನ ಮಾಡಬ್ಯಾಡ" ಎನ್ನುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಡಾಕ್ಟರೊಬ್ಬರು, ನಿಮ್ಮ ಮನೆತನದಲ್ಲಿ ಯಾರ್ಯಾರು ಯಾವ ರೋಗದಿಂದ ಹೋದರು ಎಂದು ಕೇಳಿದರು. ಅಜ್ಜನಿಂದಾಚೆ ನನಗೆ ಯಾರದೂ ಗೊತ್ತಿರಲಿಲ್ಲ. ಶಿರೂರಿನಲ್ಲಿದ್ದ ಹಿರಿಯರ ಅಂಗಡಿಯಿಂದ ಬಂದ ಹಳೆಯ ಟ್ರಂಕು ತೆಗೆದರೆ ಕಾಗದವೆಲ್ಲ ಮೋಡಿಯಲ್ಲಿ, ಹಳೆಯ ಕಾಲದ ಮರಾಠಿ ಲಿಪಿಯಲ್ಲಿ! ಬಿಬವೇವಾಡಿಯ ನಮ್ಮ ಕಟ್ಟಡದಲ್ಲಿ ಅದನ್ನು ಓದಬಲ್ಲವರು ಕಾಕಾ ಒಬ್ಬರೇ. ಕಚೇರಿಯಲ್ಲಿ ಹಳೆಯ ದಫ್ತರ ಓದಿಯೇ ನಿವೃತ್ತರಾದವರು, ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ.

ಸಂಜೆ ಸಂಜೆ ಅವರು ಓದುವುದು, ನಾನು ಬರೆದುಕೊಳ್ಳುವುದು. ಒಬ್ಬನಿಗೆ ಚಳಿಜ್ವರ, ಒಬ್ಬಳಿಗೆ ಬಾಣಂತಿ ಸನ್ನಿ, ಮೂರು ಕೂಸುಗಳಿಗೆ ಸಿಡುಬು... ಕಾಗದಕ್ಕೊಂದು ಕಪ್ ಶುಂಠಿ ಚಹಾ, ಸಕ್ಕರೆ ಮೂರು ಚಮಚ. "ಸತ್ತವರ ಸುದ್ದಿ ಓದಾಕ ಬಾಯಿ ಸಿಹಿ ಇರಬೇಕು ತಮ್ಮಾ" ಎನ್ನುವರು.

ಒಂದು ಸಂಜೆ ಒಂದು ಕಾಗದವನ್ನು ಎರಡೆರಡು ಸಲ ಓದಿದರು. ಶಿರೂರಜ್ಜಿಯ ಗಂಡ ತನ್ನ ತಮ್ಮನಿಗೆ ಬರೆದ ಪತ್ರ ಅದು. ಅಜ್ಜಿಗೆ ವಾಂತಿಭೇದಿ. ನೀರು ಕೊಟ್ಟರೆ ರೋಗ ಏರುತ್ತದೆ ಎಂದು ವೈದ್ಯ ಹೇಳಿದ್ದನಂತೆ. ಆಕೆ ಗಡಿಗೆಯ ಕಡೆ ಕೈ ತೋರಿಸುತ್ತಲೇ ಇದ್ದಳು, ನಾನು ಕೊಡಲಿಲ್ಲ, ಎಂದು ಬರೆದಿದ್ದ. ಕಾಕಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನೀರಡಿಸಿ ಹೋದ ಜೀವ. ಅದಕ್ಕ ನೋಡು, ಆ ತಂಬಿಗಿ."

"ಎಂಥಾ ಮನಷ್ಯಾರಿ ಕಾಕಾ! ಒಂದು ಗುಟುಕು ಕೊಟ್ಟಿದ್ರ ಏನಾಗ್ತಿತ್ತು?" ನನಗೆ ಸಿಟ್ಟು ನೆತ್ತಿಗೇರಿತ್ತು.

"ಹೆದರಿಕಿ ತಮ್ಮಾ. ಉಳೀಲಿ ಅಂತನ ಕೊಟ್ಟಿಲ್ಲ."

ಮರುವರ್ಷ ಕಾಕಾಗೆ ಹೊಟ್ಟೆಯ ಆಪರೇಷನ್. ಹಿಂದಿನ ರಾತ್ರಿ ಆಸ್ಪತ್ರೆಯಲ್ಲಿ ಜೊತೆಗೆ ನಾನೊಬ್ಬನೇ. ಬಾಯಿಗೆ ಹನಿ ನೀರೂ ಹಾಕಬೇಡಿ ಎಂದು ನರ್ಸ್ ಹೇಳಿಹೋಗಿದ್ದರು.

"ಒಂದು ಗುಟುಕು ಚಹಾ ಕೊಡೋ ತಮ್ಮಾ."

"ನಾಳೆ ಕುಡೀರಂತ ಕಾಕಾ."

ಅವರು ನಕ್ಕರು. "ನಿಮ್ಮ ಮನೆತನದ ಚಾಳಿ ಹೋಗಲಿಲ್ಲ ನೋಡು." ನಾನೂ ನಕ್ಕುಬಿಟ್ಟೆ... ಆಪರೇಷನ್ ಆದ ಮೇಲೆ ಕಾಕಾ ಕಣ್ಣು ತೆರೆಯಲೇ ಇಲ್ಲ. ಶಿರೂರಜ್ಜಿಯ ಗಂಡನ ಮೇಲಿನ ನನ್ನ ಸಿಟ್ಟು ಅವತ್ತೇ ಇಳಿದುಹೋಯಿತು.

ಟ್ರಂಕಿನಲ್ಲಿ ಅರ್ಧದಷ್ಟು ಕಾಗದಗಳು ಇನ್ನೂ ಹಾಗೇ ಇವೆ. ಬೇರೆ ಯಾರಿಂದಲೋ ಓದಿಸಬಹುದು, ಮನಸ್ಸಿಲ್ಲ. ಅವರೊಡನೆ ಇನ್ನೊಂದು ಸಂಜೆ ಕೂರುವ ಆಸೆ ಮಾತ್ರ ಸಾಯುತ್ತಿಲ್ಲ.

ಇವತ್ತು ಹೊಸ್ತಿಲಲ್ಲಿ ತಂಬಿಗೆಯ ಪಕ್ಕ ಒಂದು ಕಪ್ ಶುಂಠಿ ಚಹಾ ಇಟ್ಟೆ. ನಮ್ಮ ಕುಲದವರಲ್ಲ, ಗೋತ್ರದವರಲ್ಲ ಎಂದು ಅವ್ವ ಗದರುತ್ತಾಳೆಂದು ಕಾದೆ. "ಸಕ್ಕರಿ ಮೂರು ಚಮಚ ಹಾಕೀ ಇಲ್ಲೋ?" ಎಂದಳು, ಅಷ್ಟೇ.

ಮುಂದೆ ನಮ್ಮ ಮನೆಯ ಯಾರಾದರೂ ಕೇಳಿಯಾರು, ತಂಬಿಗೆಯ ಪಕ್ಕ ಚಹಾ ಯಾಕೆಂದು. ಅವರು ಮೋಡಿ ಓದುವವರನ್ನು ಹುಡುಕಿಕೊಂಡು ಅಲೆಯುವುದು ಬೇಡ, ಕನ್ನಡದಲ್ಲೇ ಬರೆದಿಡುತ್ತೇನೆ: ಕಾಕಾ ಕೇಳಿದ್ದರು, ನಾನು ಕೊಡಲಿಲ್ಲ.