ಅಪ್ಪನ ಅರಮನೆಗೆ ಕತ್ತರಿ

ಕೇಳಿ ಗೆಳೆಯರೇ! ಇವತ್ತು ಥಾಣೆ ನಗರದ ಮ್ಯೂಸಿಯಂನಲ್ಲಿ ನನ್ನಪ್ಪನ ಅರಮನೆ ತುಂಡುತುಂಡಾಗಿ ನೇತಾಡುತ್ತಿತ್ತು. ನಮ್ಮ ಡೊಂಬಿವಲಿಯ ಕನ್ನಡ ನಾಟಕ ಮಂಡಳಿಗಾಗಿ ಅಪ್ಪ ಚಿತ್ರ ಬರೆದಿದ್ದ ಪರದೆಗಳಲ್ಲಿ ಉಳಿದಿದ್ದ ಕೊನೆಯದು, ಅರಮನೆಯ ಪರದೆ ಅದು. ಕಲಾಪ್ರದರ್ಶನಕ್ಕೆ ಬೇಕೆಂದಾಗ, ನಾಲ್ಕು ಜನ ನೋಡಲಿ ಎಂದು ಕೈಯಾರೆ ಕೊಟ್ಟಿದ್ದೆ.

"ಯಾರು ಕತ್ತರಿಸಿದ್ದು ಇದನ್ನ?" ಎಂದು ಗುಡುಗಿದೆ.

ಕಲಾವಿದೆ ನಮ್ಮ ಉಡುಪಿಯವರ ಮಗಳೇ. "ನಾನೇ ಅಂಕಲ್. ಇನ್‌ಸ್ಟಲೇಶನ್ ಹೈ ನಾ, ತುಂಡುಗಳನ್ನ ತೂಗಿಸಿಯೇ ಮಾಡೋ ಕಲೆ! ಪೂರಾ ಇದ್ರೆ ಬರೀ ಪರದೆ ಅನಿಸ್ತದೆ."

ರಂಗಕ್ಕೆ ಹೋಗುವ ಮುನ್ನ ನಾವೆಲ್ಲ ಮುಟ್ಟಿ ನಮಸ್ಕರಿಸುತ್ತಿದ್ದ ಪರದೆ! ಅದೇ ರೂಢಿಯಲ್ಲಿ ಒಂದು ತುಂಡನ್ನು ಕಣ್ಣಿಗೊತ್ತಿಕೊಂಡೆ.

"ಓ ಕಾಕಾ, ಹಾತ್ ಲಾವೂ ನಕಾ!" ಮುಟ್ಟಬೇಡಿ ಎಂದು ಕಾವಲುಗಾರ ಮರಾಠಿಯಲ್ಲಿ ಗದರಿಸಿದ.

ಇನ್ನು ತಡೆಯಲಾಗಲಿಲ್ಲ. ಅಲ್ಲೇ ಕುಸಿದು "ಅಪ್ಪಾ!" ಎಂದು ಅತ್ತುಬಿಟ್ಟೆ. ನನ್ನ ಗಂಟಲು ನಿಮಗೆ ಗೊತ್ತೇ ಇದೆ, ಗೋಡೆಗಳು ನಡುಗಿದವು. ಜನ ಸುತ್ತುಗಟ್ಟಿ ಮೊಬೈಲ್ ಎತ್ತಿದರು. ಅಳು ನಿಂತ ಕೂಡಲೇ ಚಪ್ಪಾಳೆಯೋ ಚಪ್ಪಾಳೆ!

ಹುಡುಗಿ ಓಡಿಬಂದಳು. "ಫೆಂಟಾಸ್ಟಿಕ್, ಅಂಕಲ್! ನಾಳೆನೂ ಬರ್ತೀರಾ?"

ನಮ್ಮ ನಾಟಕಗಳಿಗೆ ಈಚೆಗೆ ಇಷ್ಟು ಜನ ಬಂದದ್ದೇ ಇಲ್ಲ, ಸ್ವಾಮಿ. ಬಂದಿದ್ದರೆ ಆ ಪರದೆ ಇವತ್ತು ನಮ್ಮ ರಂಗದ ಮೇಲೇ ಇರುತ್ತಿತ್ತು.