ಚಿಗವ್ವನ ಧಾಟಿ

ನಿನ್ನೆ ಕುಂದಗೋಳದ ಮದುವೆಯಲ್ಲಿ ಪಿಟೀಲಿನವನು ಒಂದು ಹಳೆಯ ಧಾಟಿ ಎತ್ತಿಕೊಂಡ. ಎಲ್ಲರೂ ಕುಣಿದರು. ನನಗೆ ಮೈಯೆಲ್ಲ ಉರಿಯಿತು.

ಅದು ನಮ್ಮ ಚಿಗವ್ವನದು, ಅಪ್ಪನ ತಮ್ಮನ ಹೆಂಡತಿಯದು. ನಾನು ಸಣ್ಣವಳಿದ್ದಾಗ ಒಂದು ಸಂಜೆ ಅವಳ ತಾಯಿ ಸತ್ತ ಸುದ್ದಿ ಬಂತು. ಹತ್ತಿ ಬಿಡಿಸುವ ಸುಗ್ಗಿ. ಅಜ್ಜ ಅವಳನ್ನು ತವರಿಗೆ, ತಾಯಿಯ ಮಣ್ಣಿಗೆ ಕಳಿಸಲಿಲ್ಲ.

"ಸತ್ತಾಕಿ ತಿರುಗಿ ಬರ್ತಾಳೇನು? ಇಲ್ಲಿ ಹತ್ತಿ ಉದುರಾಕತ್ತೈತಿ."

"ದೀಪ ಹಚ್ಚೂ ಹೊತ್ತಿನ್ಯಾಗ ಅಳಬ್ಯಾಡ" ಎಂದು ಅಜ್ಜಿಯೂ ಗದರಿದಳು.

ಮರುದಿನ ನಸುಕಿನಲ್ಲಿ ಚಿಗವ್ವ ಬೀಸುಕಲ್ಲಿಗೆ ಕೂತಳು. ಜೋಳದ ನುಚ್ಚು ಒಡೆಯುತ್ತ, ಬಾಯಿ ಬಿಗಿಹಿಡಿದು, ಗಂಟಲಲ್ಲೇ ಈ ಧಾಟಿ ಗುನುಗಿದಳು. ಆಮೇಲೆ ದಿನಾ ಅದೇ.

ಬಾಜೂ ಮನೆಯ ಪಿಟೀಲಿನ ಕಾಕಾ ಗೋಡೆಯಾಚೆಯಿಂದಲೇ ಕೇಳಿ ಕಲಿತುಬಿಟ್ಟ. "ಅಗದಿ ಚಂದ ಐತ್ರಿ. ಯಾವ ಹಾಡು?" ಎಂದು ಅಜ್ಜನನ್ನು ಕೇಳಿದ.

"ಹೆಂಗಸರ ಬೀಸೂ ಹಾಡು. ಮದುವ್ಯಾಗ ಬಾರಸು ಹೋಗು" ಎಂದು ಅಜ್ಜ ನಕ್ಕ. ಪಕ್ಕದಲ್ಲೇ ಇದ್ದ ಚಿಗವ್ವನನ್ನು ಯಾರೂ ಕೇಳಲಿಲ್ಲ.

ನಿನ್ನೆ ತಂಗಿಯ ಮಗಳು ನನ್ನ ಕೈ ಎಳೆದಳು. "ಬಾ ದೊಡ್ಡವ್ವ, ಖುಷಿ ಹಾಡೈತಿ!"

"ಕೈ ಬಿಡು ಬೇ," ಅಂದೆ. "ನಮ್ಮ ಚಿಗವ್ವನ್ನ ಅವತ್ತ ಬಾಯಿ ತೆಗೆದು ಅಳಾಕ ಬಿಟ್ಟಿದ್ರ, ಇವತ್ತ ನಿಮಗ ಕುಣ್ಯಾಕ ಈ ಹಾಡು ಇರತಿದ್ದಿಲ್ಲ."