ಕಾರಿಗೆ ದನಿ ಕೂಡಿಸುತ್ತಿದ್ದ ಮಿಸ್ತ್ರಿ

ಮಿಸ್ತ್ರಿಯವರ ಮುಂದಿನ ಹಲ್ಲೊಂದರಲ್ಲಿ ಸಣ್ಣ ಕಚ್ಚು ಬಿದ್ದಿತ್ತು. ಸ್ಪೀಕರಿನ ವೈರನ್ನು ಅದಕ್ಕೆ ಸಿಕ್ಕಿಸಿ ಎಳೆದರೆ ಪ್ಲಾಸ್ಟಿಕ್ ಸಿಪ್ಪೆ ಕಳಚಿ ತಾಮ್ರ ಹೊಳೆಯುತ್ತಿತ್ತು. ಇಕ್ಕಳ ಪಕ್ಕದಲ್ಲೇ ಇರುತ್ತಿತ್ತು, ಮುಟ್ಟುತ್ತಿರಲಿಲ್ಲ.

ಮುಂಬೈ ಪಕ್ಕದ ಕೋಪರಖೈರಣೆಯಲ್ಲಿ ಕಾರುಗಳಿಗೆ ಸ್ಪೀಕರ್, ಆಂಪ್ಲಿಫೈಯರ್ ಕೂರಿಸುವ ಪುಟ್ಟ ಅಂಗಡಿ ಅವರದು. ವಿಜಯಪುರದ ಕಡೆಯವರು. ನಾನು ಉಡುಪಿಯವನು, ವಾಶಿಯಲ್ಲಿ ಗುಮಾಸ್ತ, ಮದುವೆಯಾಗದೆ ಉಳಿದವನು. ಭಾನುವಾರ ಬಂತೆಂದರೆ ಹೊತ್ತೇ ಸಾಗುತ್ತಿರಲಿಲ್ಲ. ಹಳೇ ಕಾರಿಗೆ ಸ್ಪೀಕರ್ ಹಾಕಿಸಲು ಹೋದವನು ಅವರ ಕನ್ನಡ ಕೇಳಿ ಅಲ್ಲೇ ಸ್ಟೂಲು ಎಳೆದು ಕೂತೆ. ಆಮೇಲೆ ಎಂಟು ವರ್ಷ, ಏನಾದರೊಂದು ನೆಪ ಮಾಡಿಕೊಂಡು ಹೋಗುತ್ತಲೇ ಇದ್ದೆ.

ಆಂಪ್ಲಿಫೈಯರಿನಲ್ಲಿ ದನಿ ಏರಿಸುವ ಗೇನ್ ಗುಂಡಿ ತಿರುಗಿಸುವಾಗ ಅವರು ಉಸಿರು ಬಿಗಿಹಿಡಿಯುತ್ತಿದ್ದರು. ದನಿ ಒಡೆಯುವವರೆಗೆ ಏರಿಸಿ, ಕೂದಲೆಳೆಯಷ್ಟು ಹಿಂದೆ ತರುವುದು. ಇನ್ನೂ ಏರಿಸಿ ಎಂದವರಿಗೆ ಬೈಗುಳ ಕಟ್ಟಿಟ್ಟದ್ದು. ಚೂಪಾದ ಸಣ್ಣ ದನಿ ನುಡಿಸುವ ಟ್ವೀಟರಿಗೆ ದಪ್ಪ ದನಿಯ ಬೇಸ್ ಹೋಗದಂತೆ ತಡೆ ಹಾಕುತ್ತಾ, "ಹಾಲು ಕುಡಿಯೋ ಕೂಸಿಗೆ ಕಟಕ್ ರೊಟ್ಟಿ ತಿನಸಬಾರದ್ರಿ ಸರ್" ಎನ್ನುತ್ತಿದ್ದರು.

ಕೊನೆಕೊನೆಗೆ ಅವರು ಹೊಂದಿಸಿದ ಕಾರುಗಳಲ್ಲಿ ಟ್ವೀಟರ್ ಸೂಜಿಯಂತೆ ಚುಚ್ಚತೊಡಗಿತು. ನನ್ನ ಕಾರಿನಲ್ಲೂ ಅಷ್ಟೇ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಆ ಚೂಪಾದ ಸಣ್ಣ ದನಿಯನ್ನೇ. ತಮಗೆ ಕೇಳುವವರೆಗೂ ಅವರು ಏರಿಸುತ್ತಿದ್ದರು. ಗಿರಾಕಿಗಳು ಒಬ್ಬೊಬ್ಬರೇ ತಪ್ಪಿಸಿಕೊಂಡರು. ಒಂದು ಭಾನುವಾರ ಅವರೇ ನನ್ನನ್ನು ಕಾರಿನೊಳಗೆ ಕೂರಿಸಿ, ಹಾಡು ಹಾಕಿ ಕೇಳಿದರು.

"ಖರೇ ಹೇಳ್ರಿ ಸರ್. ಚುಚ್ಚಾಕತ್ತೈತೇನು?"

"ಇಲ್ಲ ಮಾರಾಯ್ರೆ, ಚಂದ ಉಂಟು."

ಅವರನ್ನು ನೋಯಿಸಬಾರದೆಂದು ಹಾಗೆ ಹೇಳಿದೆ ಎನ್ನಬಹುದು. ಆದರೆ ನಾನು ಹೆದರಿದ್ದೆ. ಅವರು ಕೆಲಸ ಬಿಟ್ಟರೆ ನನ್ನ ಭಾನುವಾರಕ್ಕೆ ಯಾರಿದ್ದರು?

ಮುಂದಿನ ವಾರ ಡೊಂಬಿವಲಿಯ ಒಬ್ಬ ಹೊಸ ಕಾರು ತಂದ. ಕೆಲಸ ಮುಗಿದು ಹಾಡು ಹಾಕಿದ್ದೇ ಕಿವಿ ಮುಚ್ಚಿಕೊಂಡ. "ಅರೇ ಚಾಚಾ, ಬಹರೇ ಹೋ ಕ್ಯಾ? ಕಮ್ ಕರೋ!" ಕಿವುಡರೇನು, ದನಿ ಇಳಿಸಿ ಎಂದು ಕೂಗಿದ. ಮಿಸ್ತ್ರಿ ಒಂದು ಕೂದಲಷ್ಟೂ ಇಳಿಸಲಿಲ್ಲ. ನನ್ನತ್ತ ಕೈ ತೋರಿಸಿ, "ಇನ್ ಸೇ ಪೂಛೋ, ಬರಾಬರ್ ಹೈ" ಎಂದು, ಎಲ್ಲ ಸರಿಯಿದೆ ಎನ್ನುವುದಕ್ಕೆ ನನ್ನನ್ನೇ ಸಾಕ್ಷಿಗೆಳೆದರು. ನಾನು ತಲೆಯಾಡಿಸಿದೆ. ಮಿಸ್ತ್ರಿ ಸ್ಪೀಕರ್ ಕಿತ್ತು ಕೊಡುವವರೆಗೂ ಅವನು ನಿಂತು ಬೈದ. ಅಕ್ಕಪಕ್ಕದ ಗ್ಯಾರೇಜಿನವರೆಲ್ಲ ನೋಡಿ ನಕ್ಕರು. ತಿಂಗಳೊಳಗೆ ಅಂಗಡಿಯ ಶಟರ್ ಬಿತ್ತು, ಅವರು ಊರಿಗೆ ಹೋದರು.

ಹೋದ ವರ್ಷ ಫೋನ್ ಮಾಡಿದಾಗ ಎತ್ತಿದವರು ಅವರ ಹೆಂಡತಿ. ಮಿಸ್ತ್ರಿ ತೀರಿಹೋಗಿ ನಾಲ್ಕು ತಿಂಗಳಾಗಿತ್ತು.

"ನಿಮ್ಮನ್ನ ಭಾಳ ನೆನಸ್ತಿದ್ರು ನೋಡ್ರಿ," ಎಂದರು ಆಕೆ. "ಮುಂಬೈದಾಗ ಎಲ್ಲಾರೂ ನನ್ನ ಕಿವಿ ಹೋತು ಅಂದ್ರು, ಆ ಸರ್ ಒಬ್ರ ಖರೇ ಹೇಳಿದ್ರು ಅಂತಿದ್ರು."

"ಹೌದಮ್ಮಾ," ಎಂದೆ. ಆಕೆಗೂ ನಿಜ ಹೇಳಲಾಗಲಿಲ್ಲ.